ಬಿಟ್ಟರೆ ಸಾಲದು, ಇಳಿಸಬೇಕು

ಗಾಳದ ದಾರ ಬಿಗಿಯುತ್ತದೆ. ರೀಲು ಸುತ್ತುತ್ತ ಹೋದಂತೆ ಮೊದಲಿಗೆ ಒಂದಷ್ಟು ಜಗ್ಗಾಟ ಇರುತ್ತದೆ. ಅರ್ಧ ದಾರಿಯಲ್ಲಿ ಅದೂ ನಿಲ್ಲುತ್ತದೆ. ಕೊನೆಗೆ ಮೀನು ತಾನಾಗಿಯೇ ತೇಲಿ ಬಂದಂತೆ ಮೇಲೆ ಬಂದು, ಹೊಟ್ಟೆ ಮೇಲಾಗಿ ಹೊರಳುತ್ತದೆ. ಕಿತ್ತಳೆ ಬಣ್ಣದ ಮೈ ಬಿಗಿದು ಉಬ್ಬಿದೆ. ಕಣ್ಣುಗುಡ್ಡೆಗಳು ಗೂಡಿನಿಂದ ಹೊರಗೆ ಚಾಚಿವೆ. ಬಾಯಿಯಿಂದ ನಸುಗೆಂಪು ಬಲೂನಿನಂಥದ್ದು ಹೊರಬಂದು ತುಟಿಗಳ ನಡುವೆ ಸಿಕ್ಕಿಕೊಂಡಿದೆ. ಅದಕ್ಕೆ ಯಾರೂ ಹೊಡೆದಿಲ್ಲ, ಗಾಳ ತುಟಿಗಷ್ಟೇ ತಗಲಿದೆ. ಮೀನನ್ನು ಈ ಗತಿಗೆ ತಂದದ್ದು ಅದರ ಹೊಟ್ಟೆಯೊಳಗೇ ಇದ್ದ ಒಂದಿಷ್ಟು ಗಾಳಿ.

ಅಮೆರಿಕದ ಸಿಯಾಟಲ್ ಸುತ್ತಮುತ್ತಲಿನ ಕಡಲಿನಲ್ಲಿ ಗಾಳ ಹಾಕುವವರಿಗೆ ಈ ದೃಶ್ಯ ಹೊಸದಲ್ಲ. ನಗರದ ಪಶ್ಚಿಮಕ್ಕೆ ಕಡಲು ಒಳನಾಡಿಗೆ ಚಾಚಿದ ಉದ್ದನೆಯ ತೋಳಿಗೆ ಪ್ಯೂಜೆಟ್ ಸೌಂಡ್ ಎಂದು ಹೆಸರು. ಹಿಮನದಿಗಳು ಕೊರೆದ ಈ ಕಣಿವೆ ಕೆಲವೆಡೆ 280 ಮೀಟರ್‌ನಷ್ಟು ಆಳವಿದೆ. ಅದರ ಬುಡದ ಬಂಡೆಗಳ ಸಂದುಗಳಲ್ಲಿ ರಾಕ್‌ಫಿಶ್ ಎಂಬ ಮೀನುಗಳ ಹತ್ತಾರು ಜಾತಿಗಳು ವಾಸಿಸುತ್ತವೆ. ಆ ಪೈಕಿ ಹಳದಿ ಕಣ್ಣಿನ ‘ಯೆಲ್ಲೊಐ’ ನೂರು ವರ್ಷ ದಾಟಿಯೂ ಬದುಕಬಲ್ಲದು. ಗಾಳಕ್ಕೆ ಸಿಕ್ಕ ಮೀನು, ಅದನ್ನು ಎಳೆದವನ ಅಜ್ಜನಿಗಿಂತ ಹಿರಿಯದಾಗಿರಬಹುದು. ಅಂಥ ಜೀವ ಎರಡೇ ನಿಮಿಷದಲ್ಲಿ ಮೇಲಕ್ಕೆ ಬಂದು ಸಾಯುವುದನ್ನು ನೋಡಿದವರಿಗೆ ‘ಬಾಯ್ಲ್ ನಿಯಮ’ ಎಂಬ ಎರಡು ಪದ ಮತ್ತೆಂದೂ ಪರೀಕ್ಷೆಯ ಪ್ರಶ್ನೆಯಾಗಿ ಉಳಿಯಲಾರವು.

ನಿಯಮ ಎಲ್ಲರೂ ಬಾಯಿಪಾಠ ಮಾಡಿದ್ದೇ. ತಾಪ ಬದಲಾಗದಿದ್ದರೆ, ಒಂದು ನಿರ್ದಿಷ್ಟ ಪ್ರಮಾಣದ ಅನಿಲದ ಗಾತ್ರ ಅದರ ಮೇಲಿನ ಒತ್ತಡಕ್ಕೆ ವಿಲೋಮಾನುಪಾತದಲ್ಲಿರುತ್ತದೆ. ಒತ್ತಡ ಎರಡು ಪಟ್ಟಾದರೆ ಗಾತ್ರ ಅರ್ಧ, ಒತ್ತಡ ಅರ್ಧವಾದರೆ ಗಾತ್ರ ಎರಡು ಪಟ್ಟು. ನೀರಿನಲ್ಲಿ ಇದರ ಲೆಕ್ಕ ಸುಲಭ. ಕಡಲ ಮೇಲ್ಮೈಯಲ್ಲಿ ನಮ್ಮೆಲ್ಲರ ಮೇಲೂ ಇರುವುದು ಒಂದು ವಾತಾವರಣದ ಒತ್ತಡ. ಕೆಳಗಿಳಿದಂತೆ ಪ್ರತಿ 10 ಮೀಟರಿಗೆ ಹೆಚ್ಚುಕಡಿಮೆ ಇನ್ನೊಂದು ವಾತಾವರಣದಷ್ಟು ಭಾರ ಸೇರುತ್ತದೆ. 60 ಮೀಟರ್ ಆಳದಲ್ಲಿ ಒಟ್ಟು ಏಳು. ಅಲ್ಲಿ ಒಂದು ಲೋಟ ತುಂಬುವ ಗಾಳಿ ಮೇಲೆ ಬಂದರೆ ಏಳು ಲೋಟ ಬೇಕು. ಮೀನಿನ ಮೈಯಲ್ಲಿ ಏಳು ಲೋಟ ಎಲ್ಲಿಂದ ಬರಬೇಕು?

ಬಹುಪಾಲು ಮೀನುಗಳ ಬೆನ್ನೆಲುಬಿನ ಕೆಳಗೆ ಒಂದು ಗಾಳಿಚೀಲ ಇರುತ್ತದೆ. ಮುಳುಗದೆ, ತೇಲಿಯೂ ಹೋಗದೆ ಬೇಕಾದ ಆಳದಲ್ಲಿ ನಿಲ್ಲಲು ಮೀನಿಗೆ ಅದೇ ಆಧಾರ. ಆದರೆ ಎಲ್ಲ ಮೀನುಗಳ ಚೀಲವೂ ಒಂದೇ ರೀತಿ ಇಲ್ಲ. ಸಾಲ್ಮನ್ ಮೀನಿನ ಗಾಳಿಚೀಲದಿಂದ ಅನ್ನನಾಳಕ್ಕೆ ಒಂದು ಕೊಳವೆ ಇದೆ. ಮೇಲೆ ಬರುವಾಗ ಹೆಚ್ಚಾದ ಗಾಳಿಯನ್ನು ಅದು ಬಾಯಿಂದ ಬಿಟ್ಟುಬಿಡುತ್ತದೆ. ಲಿಂಗ್‌ಕಾಡ್ ಮತ್ತು ಹ್ಯಾಲಿಬಟ್ ಬುಡಕ್ಕೆ ಅಂಟಿಕೊಂಡೇ ಇರುವ ಮೀನುಗಳು. ಅವಕ್ಕೆ ಗಾಳಿಚೀಲವೇ ಇಲ್ಲ, ಹಾಗಾಗಿ ಎಷ್ಟು ಆಳದಿಂದ ಎಳೆದರೂ ಚುರುಕಾಗಿಯೇ ಮೇಲೆ ಬರುತ್ತವೆ. ರಾಕ್‌ಫಿಶ್‌ಗೆ ಚೀಲ ಇದೆ, ಕೊಳವೆ ಇಲ್ಲ. ರಕ್ತದ ಮೂಲಕ ನಿಧಾನವಾಗಿ ಅನಿಲ ತುಂಬಿಸಿಕೊಂಡು, ಅಷ್ಟೇ ನಿಧಾನವಾಗಿ ಹೀರಿಕೊಳ್ಳುವ ವ್ಯವಸ್ಥೆ ಅದರದು. ಸಾಲ್ಮನ್‌ನದು ಬಾಗಿಲಿರುವ ಕೋಣೆ, ಲಿಂಗ್‌ಕಾಡ್‌ಗೆ ಕೋಣೆಯೇ ಇಲ್ಲ, ರಾಕ್‌ಫಿಶ್‌ನದು ಬಾಗಿಲಿಲ್ಲದ ಕೋಣೆ. ಗಾಳದವನು ಎರಡು ನಿಮಿಷದಲ್ಲಿ ಎಳೆದುಬಿಟ್ಟಾಗ ಆ ಕೋಣೆಯ ಗೋಡೆ ಒಡೆಯುತ್ತದೆ. ಗಾಳಿ ಒಡಲೆಲ್ಲ ಹರಡಿ, ಕಣ್ಣುಗಳ ಹಿಂದೆ ಸೇರಿ ಅವನ್ನು ಹೊರದಬ್ಬುತ್ತದೆ, ಜಠರವನ್ನು ಬಾಯಿಯ ಮೂಲಕ ಹೊರಳಿಸಿ ಆಚೆಗೆ ನೂಕುತ್ತದೆ.

ಬಾಯಿಯಲ್ಲಿ ಕಾಣುವ ಆ ಬಲೂನನ್ನು ಗಾಳಿಚೀಲವೆಂದೇ ತಿಳಿದು ಎಷ್ಟೋ ಜನ ಸೂಜಿಯಿಂದ ಚುಚ್ಚುತ್ತಿದ್ದರು. ಗಾಳಿ ಹೋದರೆ ಮೀನು ಮುಳುಗುತ್ತದೆ, ಬದುಕುತ್ತದೆ ಎಂಬ ನಂಬಿಕೆ. ಚುಚ್ಚುತ್ತಿದ್ದುದು ಜಠರವನ್ನು. ಉದ್ದೇಶ ಒಳ್ಳೆಯದೇ ಇತ್ತು, ಮೀನಿಗೆ ಮಾತ್ರ ಇನ್ನೊಂದು ಗಾಯವಾಗುತ್ತಿತ್ತು.

ಇನ್ನು ಕೆಲವರು ಹಾಗೇ ನೀರಿಗೆ ಬಿಟ್ಟು, ಬಿಟ್ಟ ಪುಣ್ಯ ಬಂತೆಂದುಕೊಂಡು ಮುಂದೆ ಹೋಗುತ್ತಿದ್ದರು. ಮೀನು ಕೆಳಗಿಳಿಯಲು ಬಾಲ ಬಡಿಯುತ್ತದೆ, ಒಳಗಿನ ಗಾಳಿ ಅದನ್ನು ಮತ್ತೆ ಮೇಲಕ್ಕೆ ಎತ್ತುತ್ತದೆ. ಬಿಸಿಲಿಗೆ ಒಣಗುತ್ತ, ಕಡಲಹಕ್ಕಿಗಳ ಕೊಕ್ಕಿಗೆ ಸಿಗುತ್ತ ಅಲ್ಲೇ ತೇಲುತ್ತದೆ. ಬಿಡುಗಡೆ ಎಂಬ ಮಾತಿಗೆ ಅಲ್ಲಿ ಅರ್ಥವೇ ಇರಲಿಲ್ಲ.

ಈ ಮೀನುಗಳ ಸಂಖ್ಯೆ ಕುಸಿಯಲು ಇದೊಂದೇ ಕಾರಣವಲ್ಲ. 1970 ಮತ್ತು 80ರ ದಶಕಗಳಲ್ಲಿ ಸಾಲ್ಮನ್ ಹಿಡಿಯುವುದಕ್ಕೆ ನಿರ್ಬಂಧಗಳು ಬಿಗಿಯಾದಂತೆ ಗಾಳದವರು ಬುಡದ ಮೀನುಗಳ ಕಡೆ ತಿರುಗಿದರು. ನಿಧಾನವಾಗಿ ಬೆಳೆದು, ತಡವಾಗಿ ಮರಿ ಹಾಕುವ ಜಾತಿ ಈ ಹೊಡೆತ ತಾಳಲಿಲ್ಲ. ರಾಕ್‌ಫಿಶ್‌ಗಳಲ್ಲಿ ವಯಸ್ಸಾದ ದೊಡ್ಡ ಹೆಣ್ಣು ಮೀನೇ ಹೆಚ್ಚು ಮರಿ ಹಾಕುವುದು. ಗಾಳದವರು ಹೆಮ್ಮೆಯಿಂದ ಎತ್ತಿ ಹಿಡಿಯುತ್ತಿದ್ದುದೂ ಅದನ್ನೇ. 2010ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಪ್ಯೂಜೆಟ್ ಸೌಂಡ್ ಪ್ರದೇಶದ ಮೂರು ರಾಕ್‌ಫಿಶ್‌ಗಳನ್ನು ಅಪಾಯದಂಚಿನ ಜೀವಿಗಳ ಕಾಯ್ದೆಯಡಿ ತಂದಿತು. ಬೊಕಾಚಿಯೊ ಅಳಿವಿನಂಚಿನಲ್ಲಿದೆ, ಯೆಲ್ಲೊಐ ಮತ್ತು ಕೆನರಿ ಆ ಹಾದಿಯಲ್ಲಿವೆ ಎಂದು ಘೋಷಿಸಿತು. ಅದೇ ವರ್ಷ ವಾಷಿಂಗ್ಟನ್ ರಾಜ್ಯ ಪ್ಯೂಜೆಟ್ ಸೌಂಡ್‌ನ ಬಹುಭಾಗದಲ್ಲಿ ಇನ್ನೊಂದು ನಿಯಮ ಮಾಡಿತು: ಬುಡದ ಮೀನಿಗೆ ಗಾಳ ಹಾಕುವವರು 120 ಅಡಿಗಿಂತ ಆಳಕ್ಕೆ ಹೋಗಕೂಡದು.

ಆ 120 ಅಡಿ ಸುಮಾರು 36 ಮೀಟರ್. ಅಷ್ಟು ಆಳದಿಂದ ಮೇಲೆ ಬಂದ ಗಾಳಿ ಸುಮಾರು ನಾಲ್ಕೂವರೆ ಪಟ್ಟು ಹಿಗ್ಗುತ್ತದೆ. ಅದಕ್ಕಿಂತ ಕೆಳಗಿನಿಂದ ಎಳೆದರೆ ಏನಾಗುತ್ತದೆ ಎಂಬುದು ಮೇಲೆ ಹೇಳಿದ ಲೋಟದ ಲೆಕ್ಕದಲ್ಲೇ ಇದೆ.

ಆದರೆ ನಿಜಕ್ಕೂ ಮೆಚ್ಚಬೇಕಾದ ನಿಯಮ ಬಂದದ್ದು 2017ರಲ್ಲಿ. ಬುಡದ ಮೀನಿಗೋ ಹ್ಯಾಲಿಬಟ್‌ಗೋ ಹೊರಟ ಪ್ರತಿ ದೋಣಿಯಲ್ಲೂ ಮೀನನ್ನು ಮರಳಿ ಆಳಕ್ಕೆ ಇಳಿಸುವ ಒಂದು ಸಾಧನ ಇರಲೇಬೇಕೆಂದು ವಾಷಿಂಗ್ಟನ್ ರಾಜ್ಯ ವಿಧಿಸಿತು. ಅದು ಪೆಟ್ಟಿಗೆಯ ತಳದಲ್ಲಿ ಎಲ್ಲೋ ಬಿದ್ದಿದ್ದರೆ ನಡೆಯದು. ದಾರ ಕಟ್ಟಿ, ತಕ್ಷಣ ಬಳಸುವಂತೆ ಸಜ್ಜಾಗಿರಬೇಕು. ಕಾನೂನಿನ ಭಾಷೆ ಒಣಗಿದ್ದು ಎಂದು ದೂರುವವರು ಈ ಒಂದು ಸಾಲನ್ನು ಗಮನಿಸಬೇಕು. ಮೀನಿಗೆ ನಿಮಿಷಗಳ ಲೆಕ್ಕ ಎಂಬುದನ್ನು ಬರೆದವರು ಬಲ್ಲವರಾಗಿದ್ದರು.

ಸಾಧನ ಎಂದರೆ ಭಾರಿ ಯಂತ್ರವೇನೂ ಬೇಡ. ಕೆಲವರ ಬಳಿ ಮೀನಿನ ತುಟಿ ಕಚ್ಚಿ ಹಿಡಿಯುವ ಇಕ್ಕಳದಂಥ ಉಪಕರಣ ಇರುತ್ತದೆ. ತೂಕದ ಗುಂಡು ಕಟ್ಟಿ ಕೆಳಗೆ ಬಿಟ್ಟರೆ, ನಿಗದಿತ ಆಳದ ಒತ್ತಡ ತಾಗಿದೊಡನೆ ಅದರ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ. ಮುಳ್ಳಿಲ್ಲದ ಕೊಕ್ಕೆಯನ್ನು ತಲೆಕೆಳಗಾಗಿ ತೂಕಕ್ಕೆ ಕಟ್ಟಿಕೊಂಡವರಿದ್ದಾರೆ. ಏನೂ ಇಲ್ಲದವರು ಹಾಲಿನ ಪ್ಯಾಕೆಟ್ಟುಗಳನ್ನು ಸಾಗಿಸುವ ಪ್ಲಾಸ್ಟಿಕ್ ಕ್ರೇಟನ್ನೇ ಬೋರಲು ಹಾಕಿ, ಅಂಚಿಗೆ ಭಾರ ಕಟ್ಟಿ, ತಳಕ್ಕೆ ಹಗ್ಗ ಬಿಗಿದು, ತೇಲುವ ಮೀನಿನ ಮೇಲೆ ಮುಚ್ಚಿ ಇಳಿಸುತ್ತಾರೆ. ಮೇಲಕ್ಕೆ ಒತ್ತುವ ಮೀನನ್ನು ಬುಟ್ಟಿ ತನ್ನೊಳಗೆ ಹಿಡಿದುಕೊಂಡು ಕೆಳಗೆ ಒಯ್ಯುತ್ತದೆ. ಬೆಂಗಳೂರಿನಲ್ಲಿ ಬೆಳಗಿನ ಜಾವ ಪ್ರತಿ ಹಾಲಿನ ಬೂತಿನ ಮುಂದೆ ಅಂಥ ಕ್ರೇಟುಗಳು ಪೇರಿಸಿಟ್ಟಿರುತ್ತವೆ.

ಇಳಿಯುವಾಗ ನಡೆಯುವುದೆಲ್ಲ ಹತ್ತಿದ್ದರ ತಿರುವುಮುರುವು. ಇಲ್ಲಿ ಮನಸ್ಸಿಗೆ ಹಿಡಿಸಬೇಕಾದ ಸಂಗತಿಯೊಂದಿದೆ. ಎಲ್ಲ 10 ಮೀಟರೂ ಒಂದೇ ಅಲ್ಲ. ಮೇಲ್ಮೈಯಿಂದ ಮೊದಲ 10 ಮೀಟರ್ ಇಳಿದಾಗ ಒತ್ತಡ ಒಂದರಿಂದ ಎರಡಾಗುತ್ತದೆ, ಗಾಳಿ ಅರ್ಧಕ್ಕೆ ಕುಗ್ಗುತ್ತದೆ. ಮುಂದಿನ 10 ಮೀಟರಿಗೆ ಮೂರನೇ ಒಂದು ಭಾಗ. 90 ಮೀಟರಿನಿಂದ 100ಕ್ಕೆ ಇಳಿದರೆ ಹತ್ತಿದ್ದ ಒತ್ತಡ ಹನ್ನೊಂದಾಗುತ್ತದೆ, ಗಾಳಿಯ ಗಾತ್ರ ಕುಗ್ಗುವುದು ಶೇಕಡ 10ನ್ನೂ ಮುಟ್ಟುವುದಿಲ್ಲ. ಅಂದರೆ ಮೀನಿಗೆ ಅತಿ ಹೆಚ್ಚು ಹಾನಿಯಾಗುವುದು ಕೊನೆಯ ಕೆಲವು ಮೀಟರ್ ಮೇಲೇರುವಾಗ. ಉಪಕಾರ ಹೆಚ್ಚು ಆಗುವುದೂ ಮೊದಲ ಕೆಲವು ಮೀಟರ್ ಇಳಿಸಿದಾಗ. ‘ವಿಲೋಮಾನುಪಾತ’ ಎಂಬ ಪದ ಗ್ರಾಫಿನಲ್ಲಿ ಬಾಗಿದ ಗೆರೆಯಾಗಿ ಕಾಣುತ್ತದಲ್ಲ, ಆ ಬಾಗಿನ ಅರ್ಥ ಇದು. ನೇರ ಗೆರೆಯಾಗಿದ್ದರೆ ಎಲ್ಲ ಮೀಟರಿಗೂ ಒಂದೇ ಬೆಲೆ ಇರುತ್ತಿತ್ತು.

ಇಳಿದ ಮೀನಿನ ಕಣ್ಣು ಮರಳಿ ಗೂಡಿಗೆ ಹೋಗುತ್ತದೆ, ಜಠರ ಒಳಸರಿಯುತ್ತದೆ, ಕ್ಯಾಮೆರಾ ಕಟ್ಟಿ ಇಳಿಸಿದವರು ಅದು ಬಾಲ ಬೀಸಿ ಬಂಡೆಯ ಸಂದಿಗೆ ನುಗ್ಗುವುದನ್ನು ಕಂಡಿದ್ದಾರೆ. ಅಲಾಸ್ಕಾದ ನೀರಿನಲ್ಲಿ ಯೆಲ್ಲೊಐ ಮೀನುಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನ ಈ ಮಾತಿಗೆ ಅಂಕಿ ಕೊಟ್ಟಿತು. ಮೇಲ್ಮೈಯಲ್ಲೇ ಬಿಟ್ಟಾಗ ತಾವಾಗಿ ಮುಳುಗಿ ಹೋಗಲು ಸಾಧ್ಯವಾದದ್ದು 100ಕ್ಕೆ ಸುಮಾರು 22 ಮೀನುಗಳಿಗೆ. ಆಳಕ್ಕೆ ಇಳಿಸಿ ಬಿಟ್ಟಾಗ 17 ದಿನಗಳ ನಂತರವೂ ಬದುಕಿರುವ ಸಾಧ್ಯತೆ 100ಕ್ಕೆ 98ಕ್ಕಿಂತ ಹೆಚ್ಚು. ಎಲ್ಲ ಜಾತಿಗಳೂ ಇಷ್ಟು ಗಟ್ಟಿಯಲ್ಲ. ದೋಣಿಯ ಹಲಗೆಯ ಮೇಲೆ ಫೋಟೊಗಾಗಿ ಹತ್ತು ನಿಮಿಷ ಮಲಗಿಸಿದ ಮೀನಿಗೆ ಈ ಅಂಕಿ ಅನ್ವಯಿಸುವುದೂ ಇಲ್ಲ. ಆದರೂ ಒಂದು ಹಗ್ಗ, ಒಂದು ಕ್ರೇಟು ಮತ್ತು ಎರಡು ನಿಮಿಷದ ಕೆಲಸಕ್ಕೆ ಇಂಥ ಫಲ ಸಿಗುವುದು ಅಪರೂಪ.

ಗಾಳದವರೂ ಇಲ್ಲಿ ಬರೀ ಆಜ್ಞೆ ಪಾಲಿಸಿದವರಲ್ಲ. ಅಪಾಯದ ಪಟ್ಟಿಗೆ ಸೇರಿದ ಮೂರು ಜಾತಿಗಳ ವಂಶವಾಹಿ ಪರೀಕ್ಷೆಗೆ ವಿಜ್ಞಾನಿಗಳು ಹೊರಟಾಗ, ಯಾವ ಬಂಡೆಯ ಬುಡದಲ್ಲಿ ಯಾವ ಮೀನಿದೆ ಎಂದು ತೋರಿಸಿಕೊಟ್ಟವರು ಅಲ್ಲಿಯ ದೋಣಿ ನಡೆಸುವವರು ಮತ್ತು ಹವ್ಯಾಸಿ ಗಾಳದವರು. ಮೀನು ಹಿಡಿದು, ರೆಕ್ಕೆಯ ಒಂದು ಚೂರು ಕತ್ತರಿಸಿಕೊಂಡು ಬಿಡುವ ಕೆಲಸ. ಆ ಪರೀಕ್ಷೆಯಿಂದ ಪ್ಯೂಜೆಟ್ ಸೌಂಡ್‌ನ ಕೆನರಿ ರಾಕ್‌ಫಿಶ್ ಹೊರಗಡಲಿನ ಕೆನರಿಗಿಂತ ಬೇರೆಯಲ್ಲ ಎಂದು ತಿಳಿಯಿತು. 2017ರಲ್ಲಿ ಅದನ್ನು ಪಟ್ಟಿಯಿಂದ ಕೈಬಿಟ್ಟರು. ಯೆಲ್ಲೊಐ ಮತ್ತು ಬೊಕಾಚಿಯೊ ಪಟ್ಟಿಯಲ್ಲೇ ಉಳಿದವು.

ರೆಡ್ಮಂಡ್, ಬೆಲ್ವ್ಯೂ, ಬಾಥೆಲ್, ಸಮಾಮಿಶ್ ಕಡೆ ನೆಲೆಸಿರುವ ಕನ್ನಡದ ಮನೆಗಳಲ್ಲಿ ಗಾಳ ಹಾಕುವವರು ಹೆಚ್ಚೇನಿಲ್ಲ. ಆದರೆ ಮುಚ್ಚಿದ ಗಾಳಿಯ ಈ ಸಂಗತಿ ಅವರ ಮನೆಗೂ ಸೂಟ್‌ಕೇಸಿನಲ್ಲಿ ಬರುತ್ತದೆ. ಬೆಂಗಳೂರಿನಿಂದ ಮೊಮ್ಮಕ್ಕಳನ್ನು ನೋಡಲು ಹೊರಟ ಅಜ್ಜಿ ಮಿಡಿ ಉಪ್ಪಿನಕಾಯಿಯ ಬಾಟಲಿಯ ಮುಚ್ಚಳ ಬಿಗಿದು, ಮೇಲೊಂದು ಪ್ಲಾಸ್ಟಿಕ್ ಕವರು, ಅದರ ಮೇಲೆ ಹಳೆಯ ಟವೆಲ್ಲು ಸುತ್ತಿಯೇ ಇಡುತ್ತಾರೆ. ಸಿಯಾಟಲ್‌ನಲ್ಲಿ ಬಿಚ್ಚಿದಾಗ ಟವೆಲ್ಲಿನ ತುಂಬ ಎಣ್ಣೆ. ಮುಚ್ಚಳ ಸಡಿಲವಾಗಿತ್ತೆಂದು ಅಜ್ಜಿ ತಮ್ಮನ್ನೇ ಬೈದುಕೊಳ್ಳುತ್ತಾರೆ. ತಪ್ಪು ಅವರದಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಅಲ್ಲಿ ಬಾಟಲಿಯೊಳಗೆ ಸೇರಿದ ಗಾಳಿಯ ಒತ್ತಡ ಸಮುದ್ರಮಟ್ಟದ್ದರ ಶೇಕಡ 90ರಷ್ಟು. ಹಾರುವ ವಿಮಾನದೊಳಗೆ, ಸಾಮಾನಿನ ಕೋಣೆಯಲ್ಲೂ ಸೇರಿ, ಒತ್ತಡ ಶೇಕಡ 75ರ ಆಸುಪಾಸಿಗೆ ಇಳಿಯುತ್ತದೆ. ಉಪ್ಪಿನಕಾಯಿಯ ಮೇಲಿನ ಖಾಲಿ ಜಾಗದ ಗಾಳಿ ಹಿಗ್ಗಲು ನೋಡುತ್ತದೆ, ಎಣ್ಣೆಯನ್ನು ಮುಚ್ಚಳದ ಸಂದಿನಿಂದ ಹೊರಗೆ ತಳ್ಳುತ್ತದೆ. ಬಾಟಲಿಯನ್ನು ಕಂಠದವರೆಗೆ ತುಂಬಿ ಗಾಳಿಗೆ ಜಾಗ ಕೊಡದಿದ್ದರೆ ಸೋರುವುದು ಬಹಳ ಕಡಿಮೆಯಾಗುತ್ತದೆ. ಪ್ರಯಾಣದ ನಡುವೆ ಕುಡಿದು ಮುಚ್ಚಿಟ್ಟ ನೀರಿನ ಬಾಟಲಿ ಸೀ-ಟ್ಯಾಕ್ ವಿಮಾನ ನಿಲ್ದಾಣದಲ್ಲಿ ಇಳಿಯುವ ಹೊತ್ತಿಗೆ ನಜ್ಜುಗುಜ್ಜಾಗಿರುವುದೂ ಇದೇ ಲೆಕ್ಕದಿಂದ, ಈ ಸಲ ತಿರುವುಮುರುವಾಗಿ.

ವಿಮಾನಗಳ ಮಾತು ಬಂದಾಗ ಸಿಯಾಟಲ್ ಅನ್ನು ದಾಟಿ ಹೋಗುವಂತಿಲ್ಲ. ಪ್ರಯಾಣಿಕರ ಕೋಣೆಯಲ್ಲಿ ಗಾಳಿ ಒತ್ತಿ ತುಂಬಿದ ಮೊದಲ ಪ್ರಯಾಣಿಕ ವಿಮಾನ ಬೋಯಿಂಗ್ 307 ಮೊದಲು ಹಾರಿದ್ದು ಇಲ್ಲಿಂದ, 1938ರ ಡಿಸೆಂಬರ್ 31ರಂದು. ಎತ್ತರ ಹಾರುವ ವಿಮಾನ ಎಂದರೆ ರಾಕ್‌ಫಿಶ್‌ನಂತೆ ಮುಚ್ಚಿದ ಕೋಣೆಯೇ. ಹೊರಗೆ ಒತ್ತಡ ಕುಸಿಯುತ್ತ ಹೋಗುತ್ತದೆ, ಒಳಗಿನ ಗಾಳಿ ಹಿಗ್ಗಲು ಹವಣಿಸುತ್ತ ಗೋಡೆಗೆ ಒತ್ತುತ್ತದೆ. ಪೂರ್ಣ ಎತ್ತರದಲ್ಲಿ ಆ ಒತ್ತು ಗೋಡೆಯ ಪ್ರತಿ ಚದರ ಮೀಟರಿಗೆ ಐದು ಟನ್ನಿಗೂ ಹೆಚ್ಚು. ಅದಕ್ಕಾಗಿಯೇ ವಿಮಾನದ ಒಳಗನ್ನು ಸಮುದ್ರಮಟ್ಟದ ಒತ್ತಡದಲ್ಲಿ ಇಡದೆ, ಸಾಮಾನ್ಯವಾಗಿ 8,000 ಅಡಿಯ ಬೆಟ್ಟದ ಮೇಲಿರುವಷ್ಟು ಒತ್ತಡಕ್ಕೆ ಬಿಡುತ್ತಾರೆ. ಬೋಯಿಂಗ್‌ನ ಎವರೆಟ್ ಕಾರ್ಖಾನೆಯಿಂದ 2007ರಲ್ಲಿ ಹೊರಬಂದ 787 ವಿಮಾನದ ಮೈ ಲೋಹದ ಬದಲು ಹೆಚ್ಚಾಗಿ ಇಂಗಾಲದ ನಾರಿನ ಸಂಯುಕ್ತದ್ದು, ಹಾಗಾಗಿ ಅದರಲ್ಲಿ 6,000 ಅಡಿಯ ಒತ್ತಡ ಇಡಲು ಸಾಧ್ಯವಾಯಿತು. ಕಿವಿ ಗುಯ್‌ಗುಟ್ಟುವುದು, ಹೊಟ್ಟೆ ಉಬ್ಬರಿಸುವುದು ಅಷ್ಟರಮಟ್ಟಿಗೆ ಕಡಿಮೆ.

ಆ ಮುಚ್ಚಿದ ಕೋಣೆಯ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದನ್ನು 2024ರ ಜನವರಿ 5ರ ಸಂಜೆ ಜಗತ್ತು ಕಂಡಿತು. ಪೋರ್ಟ್‌ಲ್ಯಾಂಡ್‌ನಿಂದ ಹೊರಟ ಅಲಾಸ್ಕಾ ಏರ್‌ಲೈನ್ಸ್‌ನ 1282ನೇ ವಿಮಾನ ಸುಮಾರು 15,000 ಅಡಿಗೆ ಏರುತ್ತಿದ್ದಾಗ, ಬಳಸದ ಬಾಗಿಲಿನ ಜಾಗವನ್ನು ಮುಚ್ಚಿದ್ದ ಫಲಕ ಕಿತ್ತು ಹಾರಿತು. ಒಳಗೆ 177 ಜನ. ಪಕ್ಕದ ಎರಡು ಸೀಟುಗಳು ಖಾಲಿ ಇದ್ದವು, ಯಾರೂ ಸಾಯಲಿಲ್ಲ. ಸಿಯಾಟಲ್ ಪಕ್ಕದ ಬೋಯಿಂಗ್‌ನ ರೆಂಟನ್ ಕಾರ್ಖಾನೆಯಲ್ಲಿ ರಿವೆಟ್‌ಗಳನ್ನು ಸರಿಪಡಿಸಲು ಆ ಫಲಕವನ್ನು ತೆಗೆದಿದ್ದರು. ಮರಳಿ ಕೂರಿಸುವಾಗ ಅದನ್ನು ಹಿಡಿದಿಡಬೇಕಾದ ನಾಲ್ಕು ಬೋಲ್ಟ್‌ಗಳನ್ನು ಹಾಕಿರಲಿಲ್ಲ. ತೆಗೆದ ಬಗ್ಗೆ ದಾಖಲೆಯೂ ಇರಲಿಲ್ಲ ಎಂದು ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಕಂಡುಕೊಂಡಿತು. ವಿಮಾನ ಇನ್ನೂ ಅರ್ಧ ಎತ್ತರದಲ್ಲಿತ್ತು, ಒಳಹೊರಗಿನ ಒತ್ತಡದ ಅಂತರ ಪೂರ್ತಿ ಬೆಳೆದಿರಲಿಲ್ಲ. ಸೀಟುಬೆಲ್ಟು ಬಿಚ್ಚಿ ಜನ ಓಡಾಡುವ ಹೊತ್ತಿಗೆ, 35,000 ಅಡಿಯಲ್ಲಿ ಇದೇ ನಡೆದಿದ್ದರೆ ಎಂದು ನೆನೆದರೆ ಮೈ ನಡುಗುತ್ತದೆ.

ಒಂದೇ ಊರಿನ ಈ ಎರಡು ಸಂಗತಿಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ವಿಮಾನ ಕಟ್ಟುವಲ್ಲಿ ಪ್ರಚಂಡ ಪರಿಣತಿ ಇತ್ತು, ಒಂದು ಸಂಜೆ ಅದು ಕೈಕೊಟ್ಟಿತು. ಗಾಳ ಹಾಕುವವನಿಗೆ ಪದವಿ ಇಲ್ಲ, ಆದರೆ ಕ್ರೇಟಿಗೆ ಹಗ್ಗ ಕಟ್ಟಿದ್ದಾನೋ ಇಲ್ಲವೋ ಎಂಬುದನ್ನು ದೋಣಿ ದಡ ಬಿಡುವ ಮೊದಲೇ ನೋಡಿಕೊಳ್ಳುತ್ತಾನೆ. ನಿಯಮ ತಿಳಿದಿದ್ದರೆ ಸಾಲದು, ಅದು ಕೈಯ ರೂಢಿಯಾಗಬೇಕು. ವಾಷಿಂಗ್ಟನ್ ರಾಜ್ಯ 2017ರಲ್ಲಿ ಮಾಡಿದ್ದು ಇದನ್ನೇ: 17ನೇ ಶತಮಾನದ ಒಂದು ಭೌತ ನಿಯಮವನ್ನು ಸಾಮಾನ್ಯ ಮನುಷ್ಯನ ಕೈಯ ಕೆಲಸವಾಗಿಸಿತು.

ಈ ಕಡೆ ನಮ್ಮಲ್ಲಿ ಏನಾಗಿದೆ? ಕೋವಿಡ್ ನಂತರ ಮಕ್ಕಳ ಹೊರೆ ಇಳಿಸುವ ಹೆಸರಿನಲ್ಲಿ ಎನ್‌ಸಿಇಆರ್‌ಟಿ 2022ರಲ್ಲಿ 11ನೇ ತರಗತಿಯ ರಸಾಯನಶಾಸ್ತ್ರ ಪುಸ್ತಕದಿಂದ ದ್ರವ್ಯದ ಸ್ಥಿತಿಗಳನ್ನು ಕುರಿತ ಇಡೀ ಅಧ್ಯಾಯವನ್ನು ತೆಗೆದುಹಾಕಿತು. ಬಾಯ್ಲ್ ನಿಯಮ, ಚಾರ್ಲ್ಸ್ ನಿಯಮ ವಿವರವಾಗಿ ಇದ್ದದ್ದು ಅಲ್ಲಿಯೇ. ಕರ್ನಾಟಕದ ಪಿಯು ಕಾಲೇಜುಗಳ ವಿಜ್ಞಾನ ಪುಸ್ತಕಗಳೂ ಎನ್‌ಸಿಇಆರ್‌ಟಿಯವೇ. ಭೌತಶಾಸ್ತ್ರದ ಅನಿಲಗಳ ಚಲನ ಸಿದ್ಧಾಂತದ ಪಾಠದಲ್ಲಿ ನಿಯಮ ಉಳಿದಿದೆ. ಅಲ್ಲಿ ಅದು ಅಣುಗಳ ವೇಗದ ಸಮೀಕರಣಗಳ ನಡುವೆ ಹಾದುಹೋಗುವ ಒಂದು ಮೆಟ್ಟಿಲಷ್ಟೇ. ವಿಜ್ಞಾನ ಆರಿಸಿಕೊಳ್ಳದ ಮಗುವಿಗೆ ಅದೂ ಇಲ್ಲ.

ಹೊರೆ ಹೆಚ್ಚಿತ್ತೆಂಬ ವಾದದಲ್ಲಿ ಹುರುಳಿದೆ. ಸೂತ್ರ ಬರೆದು, ನಾಲ್ಕು ಲೆಕ್ಕ ಮಾಡಿ, ಮೂರು ಅಂಕ ತೆಗೆದುಕೊಳ್ಳುವ ಪಾಠವಾಗಿದ್ದರೆ ಅದು ಹೋದದ್ದಕ್ಕೆ ಅಳಬೇಕಾಗಿಲ್ಲ. ಆದರೆ ತೆಗೆದದ್ದು ಅಧ್ಯಾಯವನ್ನು. ಅದನ್ನು ಕಲಿಸುತ್ತಿದ್ದ ರೀತಿಯನ್ನು ಯಾರೂ ಮುಟ್ಟಲಿಲ್ಲ. ಬದಲಾಗಬೇಕಿದ್ದದ್ದು ಆ ರೀತಿ.

ರಾಬರ್ಟ್ ಬಾಯ್ಲ್ ತಾನೂ ಇದನ್ನು ಸಮೀಕರಣದಿಂದ ಶುರು ಮಾಡಲಿಲ್ಲ. 1660ರಲ್ಲಿ ಆತ ಗಾಳಿಗೆ ಸ್ಪ್ರಿಂಗಿನಂಥ ಪುಟಿತ ಇದೆ ಎಂದು ಪುಸ್ತಕ ಬರೆದ. ಫ್ರಾನ್ಸಿಸ್ಕಸ್ ಲೈನಸ್ ಎಂಬ ಪಾದ್ರಿ ಅದನ್ನು ಒಪ್ಪದೆ ಎದುರು ವಾದ ಹೂಡಿದ. ಉತ್ತರ ಕೊಡಲೆಂದು ಬಾಯ್ಲ್ ಒಂದು ತುದಿ ಮುಚ್ಚಿದ, ಬುಡದಲ್ಲಿ ಬಾಗಿದ ಉದ್ದನೆಯ ಗಾಜಿನ ಕೊಳವೆ ಮಾಡಿಸಿದ. ಅದು ಕೋಣೆಯಲ್ಲಿ ಹಿಡಿಸದಷ್ಟು ಉದ್ದವಿತ್ತು, ಮೆಟ್ಟಿಲುಗಳ ಬಳಿ ನಿಲ್ಲಿಸಬೇಕಾಯಿತು. ಅದರೊಳಗೆ ಪಾದರಸ ಸುರಿದಂತೆ ಮುಚ್ಚಿದ ತುದಿಯ ಗಾಳಿ ಕುಗ್ಗುತ್ತ ಬಂತು. ಪಾದರಸದ ಕಂಬ ಸುಮಾರು 29 ಅಂಗುಲ ಏರಿದಾಗ, ಅಂದರೆ ಮತ್ತೊಂದು ವಾತಾವರಣದ ಭಾರ ಸೇರಿದಾಗ, 12 ಅಂಗುಲ ಇದ್ದ ಗಾಳಿ ಸರಿಯಾಗಿ ಅರ್ಧಕ್ಕೆ ಇಳಿಯಿತು. 1662ರಲ್ಲಿ ಆ ಅಂಕಿಗಳ ಪಟ್ಟಿ ಅಚ್ಚಾಯಿತು. ಅಂಕಿಗಳ ಹಿಂದಿನ ಸಂಬಂಧವನ್ನು ಸೂಚಿಸಿದವನು ರಿಚರ್ಡ್ ಟೌನ್ಲಿ ಎಂದು ಬಾಯ್ಲ್ ಹೆಸರಿಸಿಯೇ ಬರೆದ. ಇಷ್ಟು ಕಥೆಯನ್ನಾದರೂ ಹೇಳಿ ನಿಯಮ ಕಲಿಸಿದ್ದರೆ ಮಕ್ಕಳಿಗೆ ಅದು ಮನುಷ್ಯರ ನಡುವೆ ಹುಟ್ಟಿದ ಸಂಗತಿ ಎಂದಾದರೂ ತಿಳಿಯುತ್ತಿತ್ತು.

ಇಂದು ಪಾದರಸವೂ ಬೇಡ, ಗಾಜಿನ ಕೊಳವೆಯೂ ಬೇಡ. ಔಷಧಿ ಅಂಗಡಿಯ ಸಿರಿಂಜು ಸಾಕು, ಸೂಜಿ ಇಲ್ಲದ್ದು. 20 ಎಂಎಲ್ ಗೆರೆಗೆ ಪಿಸ್ಟನ್ ಎಳೆದು, ಮೂತಿಯನ್ನು ಹೆಬ್ಬೆರಳಿನಿಂದ ಮುಚ್ಚಿ ಒತ್ತಬೇಕು. 15ರವರೆಗೆ ಸಲೀಸು. 10ಕ್ಕೆ ಬರುವಾಗ ಬೆರಳ ತುದಿ ಬಿಳಚುತ್ತದೆ. 5ಕ್ಕೆ ತರಲು ಮೇಜಿಗೆ ಊರಿ ಮೈಭಾರವೆಲ್ಲ ಹಾಕಬೇಕು. ಕೈಬಿಟ್ಟರೆ ಪಿಸ್ಟನ್ ಚಿಮ್ಮಿ ಹಿಂದಕ್ಕೆ ಬರುತ್ತದೆ. ಬಾಗಿದ ಗೆರೆಯ ಅರ್ಥ ಹೆಬ್ಬೆರಳಿಗೇ ಗೊತ್ತಾಗುತ್ತದೆ.

ಮೀನನ್ನೂ ತೋರಿಸಬಹುದು. 50 ಎಂಎಲ್‌ನ ದೊಡ್ಡ ಸಿರಿಂಜಿನೊಳಗೆ ಕಡಲೆಕಾಳಿನಷ್ಟು ಗಾಳಿ ತುಂಬಿ ಗಂಟು ಹಾಕಿದ ಬಲೂನಿನ ತುದಿ ಇಡಬೇಕು. ಪಿಸ್ಟನ್ ಅರ್ಧದಲ್ಲಿರುವಾಗ ಮೂತಿ ಮುಚ್ಚಿ ಎಳೆದರೆ ಬಲೂನು ಊದಿಕೊಳ್ಳುತ್ತದೆ. ಅದು ಗಾಳಕ್ಕೆ ಸಿಕ್ಕು ಮೇಲೇರುತ್ತಿರುವ ರಾಕ್‌ಫಿಶ್. ಒತ್ತಿದರೆ ಮುದುಡುತ್ತದೆ. ಅದು ಕ್ರೇಟಿನಲ್ಲಿ ಕೆಳಗಿಳಿಯುತ್ತಿರುವ ರಾಕ್‌ಫಿಶ್. ಒಂದು ಸಲ ಇದನ್ನು ಕಂಡ ಮಗು, ಮಂಗಳೂರಿನಲ್ಲಿ ಕೊಂಡ ಚಿಪ್ಸ್ ಪ್ಯಾಕೆಟ್ಟು ಚಾರ್ಮಾಡಿ ಹತ್ತುವಾಗ ಏಕೆ ಉಬ್ಬಿತೆಂದು ತಾನೇ ಹೇಳಬಲ್ಲದು.

ಉತ್ತರ ಕನ್ನಡದ ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗುವ ನೇತ್ರಾಣಿ ದ್ವೀಪದ ಬಳಿ ಈಗ ನೂರಾರು ಪ್ರವಾಸಿಗರು ಸ್ಕೂಬಾ ಡೈವಿಂಗ್‌ಗೆ ಇಳಿಯುತ್ತಾರೆ. ಜಗತ್ತಿನ ಯಾವ ಕಡಲಲ್ಲೇ ಆಗಲಿ ಈ ವಿದ್ಯೆಯ ಮೊದಲ ಪಾಠ ಒಂದೇ: ಉಸಿರು ಕಟ್ಟಬೇಡಿ. 10 ಮೀಟರ್ ಕೆಳಗೆ ಸಿಲಿಂಡರಿನಿಂದ ಎದೆ ತುಂಬ ಎಳೆದುಕೊಂಡ ಗಾಳಿ, ಉಸಿರು ಬಿಗಿಹಿಡಿದು ಮೇಲೇರಿದರೆ ಎರಡು ಪಟ್ಟಾಗಲು ನೋಡುತ್ತದೆ. ಶ್ವಾಸಕೋಶಕ್ಕೆ ಅಷ್ಟು ಜಾಗವಿಲ್ಲ. ಒಂದೆರಡು ಮೀಟರ್ ಏರುವಷ್ಟರಲ್ಲೇ ಅದು ಹರಿಯಬಹುದು. ಗಾಬರಿಯಾದ ಮನುಷ್ಯ ಸಹಜವಾಗಿ ಮಾಡುವುದು ಉಸಿರು ಕಟ್ಟುವುದನ್ನೇ. ದೋಣಿಯಲ್ಲಿ ಹತ್ತು ನಿಮಿಷ ಕೊಡುವ ಸೂಚನೆ ಆ ಸಹಜ ಪ್ರವೃತ್ತಿಯನ್ನು ಮೀರಿಸಬೇಕು. ಎಂಟನೇ ತರಗತಿಯಲ್ಲಿ ಸಿರಿಂಜು ಒತ್ತಿ ಬಂದವನಿಗೆ ಆ ಸೂಚನೆ ಏಕೆಂದು ಎರಡನೇ ಸಲ ಹೇಳಬೇಕಾಗುವುದಿಲ್ಲ. ರಾಕ್‌ಫಿಶ್‌ಗೆ ಇಲ್ಲದ ಬಾಗಿಲು ಮನುಷ್ಯನಿಗಿದೆ, ಅವನ ಬಾಯಿ. ಅದನ್ನು ತೆರೆದಿಡಬೇಕೆಂಬುದು ಗೊತ್ತಿರಬೇಕಷ್ಟೆ.

ಎಂಟನೇ ತರಗತಿ ಎಂದು ಹೇಳಲು ಕಾರಣವಿದೆ. ಬಲ ಮತ್ತು ಒತ್ತಡದ ಪಾಠ ಮಕ್ಕಳಿಗೆ ಸಿಗುವುದು ಅಲ್ಲಿ. ದ್ರವ ಒತ್ತುತ್ತದೆ, ಗಾಳಿ ಒತ್ತುತ್ತದೆ ಎಂಬಲ್ಲಿಗೆ ಆ ಪಾಠ ಬಂದು ನಿಲ್ಲುತ್ತದೆ. ಒತ್ತಿದ ಗಾಳಿ ಎಷ್ಟು ಕುಗ್ಗುತ್ತದೆ ಎಂಬ ಒಂದು ಹೆಜ್ಜೆ ಮುಂದಿಡಲು ಹೊಸ ಅಧ್ಯಾಯ ಬೇಕಿಲ್ಲ, ಸೂತ್ರವೂ ಬೇಕಿಲ್ಲ. ಒಂದು ತರಗತಿಗೆ ಹತ್ತು ಸಿರಿಂಜು, ಒಂದು ಪಿರಿಯಡ್, ಮಕ್ಕಳೇ ಬರೆದ ಎರಡು ಸಾಲಿನ ಅಂಕಿಪಟ್ಟಿ ಇದ್ದರೆ ಆಯಿತು. ಒತ್ತಡವನ್ನು ಗಾತ್ರದಿಂದ ಗುಣಿಸಿದರೆ ಬರುವ ಸಂಖ್ಯೆ ಬದಲಾಗುವುದಿಲ್ಲ ಎಂಬುದನ್ನು ಪಿಯುಸಿಗೆ ಹೋದವರು ಆಮೇಲೆ ಕಲಿಯಲಿ.

ರಾಜ್ಯದ ಶಿಕ್ಷಣ ಇಲಾಖೆ ಪಠ್ಯ ಪರಿಷ್ಕರಣೆಯ ಮುಂದಿನ ಸುತ್ತಿನಲ್ಲಿ ಈ ಒಂದು ಚಟುವಟಿಕೆಯನ್ನು ಎಂಟನೇ ತರಗತಿಗೆ ಸೇರಿಸಲಿ. ಪಿಯು ರಸಾಯನಶಾಸ್ತ್ರಕ್ಕೆ ಅನಿಲ ನಿಯಮಗಳನ್ನು ಮರಳಿಸುವಂತೆ ಎನ್‌ಸಿಇಆರ್‌ಟಿಯನ್ನು ಕೇಳಲಿ. ಶಾಲೆಯ ಶಿಕ್ಷಕರು ಸುತ್ತೋಲೆಗಾಗಿ ಕಾಯಬೇಕಾಗಿಲ್ಲ; ಈ ವಾರವೇ ಹತ್ತಿರದ ಔಷಧಿ ಅಂಗಡಿಯಿಂದ ಸೂಜಿಯಿಲ್ಲದ ಹತ್ತು ಸಿರಿಂಜು ತಂದು ಮಕ್ಕಳ ಕೈಗೆ ಕೊಡಬಹುದು. ಅತ್ತ, ಮೇ 1ರಂದು ಪ್ಯೂಜೆಟ್ ಸೌಂಡ್‌ನಲ್ಲಿ ಲಿಂಗ್‌ಕಾಡ್ ಹಂಗಾಮು ತೆರೆದು ಜೂನ್ 15ಕ್ಕೆ ಮುಗಿಯುತ್ತದೆ. ಆ ಆರು ವಾರ ಅಲ್ಲಿ ಬುಡದ ಮೀನಿಗೆ ಹೊರಡುವ ಪ್ರತಿ ದೋಣಿಯಲ್ಲೂ ಹಗ್ಗ ಕಟ್ಟಿದ ಸಾಧನವೊಂದು ಕೈಗೆಟಕುವಲ್ಲಿ ಇರಲೇಬೇಕು.